ಪಾಪ ಅಂದವರು ತೆಗೆದ ಬೀಗ

ಫೋನಿನಲ್ಲಿ ಮೇಷ್ಟ್ರ ದನಿ ನಡುಗುತ್ತಿತ್ತು. ಅವರು ಸುಮ್ಮಸುಮ್ಮನೆ ನಡುಗುವ ಆಸಾಮಿಯಲ್ಲ. ಹಿರಿಯೂರಿನ ಒಂದು ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಮಾಡುತ್ತಾರೆ. ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಸ್ಟಾಪು ಬಿಟ್ಟು ಎಲ್ಲೋ ಮುಂದೆ ಇಳಿಸಿದ ಕಂಡಕ್ಟರನ್ನು ಬಸ್ಸಿನ ಬಾಗಿಲು ಹಿಡಿದು ನಿಂತು ಬೈದವರು ಅವರು.

“ನೋಡಮ್ಮಾ, ಕಂಪ್ಯೂಟರ್ ಆನ್ ಆಗ್ತೈತೆ, ಮಾತೂ ಆಡ್ತೈತೆ. ಆದ್ರೆ ನನ್ನ ಫೋಲ್ಡರ್ ಒಳಗೆ ಏನೂ ಇಲ್ಲ ಅಂತೈತೆ. ಒಂದು ಫೈಲೂ ಇಲ್ಲ.”

“ಪಾಸ್‌ವರ್ಡ್ ಸರಿಯಾಗಿ ಹೊಡೆದ್ರಾ ಸರ್?”

“ಅದೇ ಮತ್ತೆ! ಪಾಸ್‌ವರ್ಡ್ ಕೇಳ್ಲೇ ಇಲ್ಲ. ಸೀದಾ ಒಳಗೆ ಬಿಟ್ಬಿಡ್ತು.”

ಆ ಲ್ಯಾಪ್‌ಟಾಪಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿ, ಪರದೆಯಲ್ಲಿದ್ದುದನ್ನು ಓದಿ ಹೇಳುವ ದನಿ ಕೂರಿಸಿ, ಅವರ ಹೋಮ್ ಫೋಲ್ಡರನ್ನು ಪಾಸ್‌ವರ್ಡಿಲ್ಲದೆ ಯಾರೂ ಓದಲಾಗದಂತೆ ಎನ್‌ಕ್ರಿಪ್ಟ್ ಮಾಡಿಕೊಟ್ಟವಳು ನಾನು. ಪಾಸ್‌ವರ್ಡ್ ಕೇಳದೆ ಅದು ಯಾರನ್ನೂ ಒಳಗೆ ಬಿಡುವಂತಿರಲಿಲ್ಲ. ಯಾರೋ ಕೈಯಾಡಿಸಿದ್ದರು.

“ಇನ್ನೊಂದು ಕೀ ಒತ್ತಬೇಡಿ ಸರ್, ಆಫ್ ಮಾಡಿಬಿಡಿ. ಯಾರ ಕೈಗೂ ಕೊಡಬೇಡಿ” ಅಂದೆ.

“ಇನ್ನೆಂಗೆ ಕೊಡದೆ ಇರಾದು? ಅದು ಆಗ್ಲೇ ಪ್ರಿನ್ಸಿಪಾಲ್ರ ಟೇಬಲ್ ಮ್ಯಾಲೈತೆ. ರಿಪೇರಿಯೋನು ಮುಂದೆ ಕುಂತವನೆ.”

ಚಿತ್ರದುರ್ಗದಲ್ಲಿ ಒಪ್ಪಿಕೊಂಡಿದ್ದ ಬೇರೆ ಕೆಲಸವನ್ನೆಲ್ಲ ಮುಂದಕ್ಕೆ ತಳ್ಳಿ, ಖಾಲಿ ಹಾರ್ಡ್ ಡಿಸ್ಕೊಂದನ್ನೂ ಲಿನಕ್ಸ್ ತುಂಬಿದ ಪೆನ್‌ಡ್ರೈವನ್ನೂ ಬ್ಯಾಗಿಗೆ ಹಾಕಿಕೊಂಡು ಹಿರಿಯೂರಿನ ಬಸ್ಸು ಹತ್ತಿದೆ. ಗುಡ್ಡದ ಮೇಲಿನ ಗಾಳಿಯಂತ್ರಗಳು ನಿಧಾನಕ್ಕೆ ತಿರುಗುತ್ತಿದ್ದವು, ಬಸ್ಸು ಅದಕ್ಕಿಂತ ನಿಧಾನ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಬೈದುಕೊಂಡು ಹೋದೆ. ಯಾರನ್ನು ಬೈಯಬೇಕೆಂಬುದು ಇನ್ನೂ ಗೊತ್ತಿರಲಿಲ್ಲ, ಅಷ್ಟೇ.

ಆ ಫೋಲ್ಡರಿನಲ್ಲಿ ಏನಿತ್ತೆಂದು ಹೇಳಬೇಕು. ಗಂಡ ಬಿಟ್ಟುಹೋದ ಹೆಂಗಸರು ಹೇಗೆ ಬದುಕು ಕಟ್ಟಿಕೊಂಡರು ಎಂಬುದು ಮೇಷ್ಟ್ರ ಪಿಎಚ್.ಡಿ. ವಿಷಯ. ಹರಿಯಬ್ಬೆ, ಹಿರೇಗುಂಟನೂರು, ಹೊಸದುರ್ಗ ಕಡೆಯ ಹಳ್ಳಿಗಳು, ಹೊಳಲ್ಕೆರೆ ಅಂತ ವರ್ಷಗಟ್ಟಲೆ ಬಸ್ಸಿನಲ್ಲಿ ತಿರುಗಿ ಅವರ ಮಾತುಗಳನ್ನು ರೆಕಾರ್ಡ್ ಮಾಡಿಕೊಂಡಿದ್ದರು. ಬೇರೆ ಯಾರ ಮುಂದೆಯೂ ಬಾಯಿ ಬಿಡದವರು ಇವರ ಮುಂದೆ ಬಿಟ್ಟಿದ್ದರು. ಹರಿಯಬ್ಬೆಯ ಒಬ್ಬಾಕೆ ಕಾರಣವನ್ನೂ ಹೇಳಿದ್ದರಂತೆ: “ನೀವು ನನ್ನ ಮಖ ನೋಡಲ್ಲ ಮೇಷ್ಟ್ರೆ, ನಾಳೆ ಸಂತೆಯಾಗೆ ಸಿಕ್ರೂ ಗುರ್ತು ಹಿಡಿಯಲ್ಲ. ಅದ್ಕೇಯ ನಿಮ್ಮ ತಾವ ಹೇಳ್ತೀನಿ.” ಆ ದನಿಗಳನ್ನು ತಾವೊಬ್ಬರೇ ಕೇಳುವುದು, ಬರೆಯುವಾಗ ಹೆಸರು ಊರು ಏನೂ ಬರುವುದಿಲ್ಲ ಎಂದು ಒಬ್ಬೊಬ್ಬರಿಗೂ ಮಾತು ಕೊಟ್ಟು ಬಂದಿದ್ದರು.

ಎನ್‌ಕ್ರಿಪ್ಟ್ ಮಾಡಿಕೊಡು ಎಂದು ಅವರು ಕೇಳಿದಾಗ ಅಷ್ಟೆಲ್ಲ ಯಾಕೆ ಸರ್ ಎಂದು ನಾನೂ ಕೇಳಿದ್ದೆ. “ನೀವಾದ್ರೆ ಹಿಂದೆ ಯಾರ್ ನಿಂತವರೆ ಅಂತ ತಿರುಗಿ ನೋಡ್ತೀರಿ. ನನಗೆ ಹೆಂಗ್ ಗೊತ್ತಾಗ್ಬೇಕು?” ಅಂದಿದ್ದರು. ಸ್ಟಾಫ್ ರೂಮಿನಲ್ಲಿ ಅವರ ಕಂಪ್ಯೂಟರನ್ನು ತೆರೆದು ನೋಡುವವರು ಇದ್ದರಂತೆ. ಅವರೆದುರೇ, ಸದ್ದಿಲ್ಲದೆ.

ಕಾಲೇಜಿಗೆ ಹೋಗುವಷ್ಟರಲ್ಲಿ ಪ್ರಿನ್ಸಿಪಾಲರ ಕೋಣೆಯಲ್ಲಿ ಸಭೆಯೇ ಸೇರಿದಂತಿತ್ತು. ಮೂಲೆಯ ಕುರ್ಚಿಯಲ್ಲಿ ಮೇಷ್ಟ್ರು, ಕೋಲನ್ನು ಎರಡು ಮೊಣಕಾಲ ನಡುವೆ ಹಿಡಿದು ಕುಳಿತಿದ್ದರು. ಲ್ಯಾಪ್‌ಟಾಪಿನ ಮುಂದೆ ಊರಿನಲ್ಲೇ ಸರ್ವಿಸ್ ಅಂಗಡಿ ಇಟ್ಟುಕೊಂಡಿದ್ದ ಒಬ್ಬ ಪುಣ್ಯಾತ್ಮ, ಮೊಬೈಲಿನಲ್ಲಿ ಏನನ್ನೋ ಹುಡುಕುತ್ತಾ ಕೂತಿದ್ದ.

“ಬರ್ರಿ ಮೇಡಂ, ಕುಂತ್ಕಳ್ರಿ, ಟೀ ತರಿಸ್ತೀನಿ” ಅಂದರು ಪ್ರಿನ್ಸಿಪಾಲರು. “ಏನೋ ವೈರಸ್ ಬಂದೈತಂತೆ.”

“ಲಿನಕ್ಸಿಗೆ ಏನ್ ವೈರಸ್ಸಪ್ಪ?” ಎಂದು ಸರ್ವಿಸಿನವನನ್ನು ಕೇಳಿದೆ.

“ಇಲ್ಲ ಮೇಡಂ, ನೋಡ್ರಿ ನೀವೇ. ಒಂದೊಂದು ಫೈಲಿನ ಹೆಸ್ರು ಮಾರುದ್ದ ಐತೆ, ತಲೆಬುಡ ಇಲ್ಲ. ಓಪನ್ ಮಾಡಿದ್ರೆ ಬರೀ ಕಸ.”

ಅವು ವೈರಸ್ಸಲ್ಲ. ಮೇಷ್ಟ್ರ ವರ್ಷಗಳ ದುಡಿಮೆ ಬೀಗ ಹಾಕಿಕೊಂಡು ಕೂತಾಗ ಹಾಗೇ ಕಾಣುತ್ತದೆ. ಹೆಸರೂ ಒಳಗಿನದೂ ಎರಡೂ ಗುರುತು ಸಿಗದಂತಿರುವುದೇ ಎನ್‌ಕ್ರಿಪ್ಟ್ ಮಾಡುವುದರ ಉದ್ದೇಶ.

“ಡಿಲೀಟ್ ಮಾಡಿದೀಯಾ?”

“ಇಲ್ಲ, ಆಂಟಿವೈರಸ್ ಹಾಕಿ ಆಮ್ಯಾಕೆ ಡಿಲೀಟ್ ಮಾಡಾಣ ಅಂತ ಎಲ್ಲಾನೂ ‘ವೈರಸ್’ ಅಂತ ಒಂದು ಫೋಲ್ಡರ್ ಮಾಡಿ ಅದ್ರಾಗೆ ತುಂಬೀನಿ.”

ಅವನ ಸೋಮಾರಿತನಕ್ಕೆ ಕೈ ಮುಗಿಯಬೇಕು ಅನ್ನಿಸಿತು. ಮುಗಿಯಲಿಲ್ಲ, ಬದಲಿಗೆ ಮೊದಲಿನಿಂದ ಹೇಳು ಎಂದೆ. ಮೇಷ್ಟ್ರು ಲ್ಯಾಪ್‌ಟಾಪನ್ನು ಆಫೀಸಿಗೆ ಕೊಟ್ಟಿದ್ದು ಚಾರ್ಜರ್ ಸಿಕ್ಕಿಸುವ ಕಡೆ ಸಡಿಲವಾಗಿದೆ, ಬಿಗಿ ಮಾಡಿಸಿ ಎಂದು. ಅಷ್ಟೇ. ಬಿಗಿ ಮಾಡಿದ ಮೇಲೆ ಇವನು ಆನ್ ಮಾಡಿ ನೋಡಿದ. ಪಾಸ್‌ವರ್ಡ್ ಕೇಳಿತು. ಕೆಟ್ಟಾಗ ಸರಿಮಾಡಲೆಂದು ಇರುವ ರಿಕವರಿ ದಾರಿಯಿಂದ ಒಳನುಗ್ಗಿ ಪಾಸ್‌ವರ್ಡನ್ನೇ ಬದಲಾಯಿಸಿದ. ಆಮೇಲೆ ಅದನ್ನು ಕೇಳುವುದನ್ನೂ ನಿಲ್ಲಿಸಿ, ಆನ್ ಮಾಡಿದ ತಕ್ಷಣ ತಾನಾಗಿ ತೆರೆದುಕೊಳ್ಳುವ ಹಾಗೆ ಮಾಡಿದ.

“ಯಾರು ಹೇಳಿದ್ರು ನಿನಗೆ ತೆಗಿ ಅಂತ?”

“ಪಾಪ ಮೇಡಂ, ಕಣ್ಣು ಕಾಣಲ್ಲ, ದಿನಾ ಪಾಸ್‌ವರ್ಡ್ ಹೊಡೀಬೇಕಲ್ಲ ಅಂತ…”

“ನಾನೇ ಹೇಳಿದ್ದು” ಎಂದರು ಪ್ರಿನ್ಸಿಪಾಲರು, ಹೆಮ್ಮೆಯಿಂದ. “ಪಾಪ, ಅವ್ರಿಗೂ ಅನುಕೂಲ ಆಗ್ಲಿ ಅಂತ.”

ನನಗೆ ಮೈಯೆಲ್ಲ ಉರಿದುಹೋಯಿತು. ದಿನವಿಡೀ ಕೀಬೋರ್ಡ್ ನೋಡದೆ ಪುಟಗಟ್ಟಲೆ ಹೊಡೆಯುವ ಮನುಷ್ಯನಿಗೆ ಒಂದು ಪಾಸ್‌ವರ್ಡ್ ಹೊಡೆಯುವುದು ಕಷ್ಟವಂತೆ! ನಾವು ಕಣ್ಣಿರುವವರು ಕೀಬೋರ್ಡಿನ ಮೇಲೆ ಎರಡು ಬೆರಳಿನಲ್ಲಿ ಕೋಳಿ ಕೆದಕಿದ ಹಾಗೆ ಕೆದಕುತ್ತೇವೆ. ಅವರು ಅದೇ ಕಾಲೇಜಿನಲ್ಲಿ, ಕೂಗಳತೆಯಲ್ಲೇ ಇದ್ದರು. ಅವರನ್ನೊಂದು ಮಾತು ಕೇಳಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ.

“ಕಣ್ಣು ಕಾಣಲ್ಲ ಸರ್ ಅವರಿಗೆ, ಕಿವಿ ಕೇಳ್ತದೆ. ಒಂದು ಸಾರಿ ಕೇಳೋಕೆ ಏನಾಗಿತ್ತು ನಿಮಗೆ?” ಎಂದುಬಿಟ್ಟೆ. ಪ್ರಿನ್ಸಿಪಾಲರ ಮುಖ ಸಣ್ಣಗಾಯಿತು. ಟೀ ಬರಲಿಲ್ಲ.

ಆಗಿದ್ದೇನೆಂದರೆ, ಈ ಫೋಲ್ಡರಿಗೆ ಕಂಪ್ಯೂಟರ್ ತಾನೇ ಒಂದು ಉದ್ದನೆಯ ಕೀಲಿಕೈ ಮಾಡಿಕೊಂಡಿರುತ್ತದೆ. ಆ ಕೀಲಿಕೈಯನ್ನು ಒಂದು ಸಣ್ಣ ಫೈಲಿನೊಳಗಿಟ್ಟು, ಆ ಫೈಲಿಗೆ ನಮ್ಮ ಲಾಗಿನ್ ಪಾಸ್‌ವರ್ಡಿನ ಬೀಗ ಹಾಕಿರುತ್ತದೆ. ಲಾಗಿನ್ ಆದಾಗ ಪಾಸ್‌ವರ್ಡ್ ಆ ಫೈಲನ್ನು ತೆರೆಯುತ್ತದೆ, ಕೀಲಿಕೈ ಹೊರಬರುತ್ತದೆ, ಫೋಲ್ಡರ್ ತೆರೆದು ತನ್ನ ಜಾಗದಲ್ಲಿ ಕೂರುತ್ತದೆ. ಇದಕ್ಕೇ ಮೌಂಟ್ ಎನ್ನುವುದು. ಪಾಸ್‌ವರ್ಡನ್ನು ಹಿಂಬಾಗಿಲಿನಿಂದ ಬದಲಾಯಿಸಿದರೆ ಬಾಗಿಲು ಹೊಸದಾಗುತ್ತದೆ, ಒಳಗಿನ ಫೈಲಿನ ಬೀಗ ಹಳೆಯದೇ ಉಳಿಯುತ್ತದೆ. ಪಾಸ್‌ವರ್ಡನ್ನು ಕೇಳುವುದೇ ಇಲ್ಲವೆಂದಾದರೆ ಅದನ್ನು ತೆರೆಯಲು ಏನೂ ಇರುವುದಿಲ್ಲ. ಖಾಲಿ ಮನೆ ಕಾಣಿಸುತ್ತದೆ.

ಇಷ್ಟೇ ಆಗಿದ್ದರೆ ನಾನು ಒಂದು ಗಳಿಗೆಯಲ್ಲಿ ಸರಿಮಾಡಿ ಮಿರ್ಚಿ ಮಂಡಕ್ಕಿ ತಿಂದು ವಾಪಸ್ ಹೋಗುತ್ತಿದ್ದೆ. ಆದರೆ ಪುಣ್ಯಾತ್ಮ ಅಲ್ಲಿಗೆ ನಿಲ್ಲಿಸಿರಲಿಲ್ಲ. ಫೋಲ್ಡರ್ ಖಾಲಿ ಕಂಡದ್ದೇ ಗಾಬರಿಯಾಗಿ, ಮೊಬೈಲಿನಲ್ಲಿ ಹುಡುಕಿ, ಸಿಕ್ಕಿದ ಕಮ್ಯಾಂಡನ್ನು, ಅಂದರೆ ಕಂಪ್ಯೂಟರಿಗೆ ಕೊಡುವ ಆದೇಶವನ್ನು, ಹಾಗೇ ಹೊಡೆದಿದ್ದ. ಹೊಸದಾಗಿ ಎನ್‌ಕ್ರಿಪ್ಟ್ ಮಾಡುವ ಆದೇಶ ಅದು. ಇಲ್ಲಿ ಈಗಾಗಲೇ ಫೈಲುಗಳಿವೆ, ಆಗುವುದಿಲ್ಲ ಎಂದು ಕಂಪ್ಯೂಟರ್ ಎಚ್ಚರಿಸಿದೆ. ಇವನು ಆ ಫೈಲುಗಳನ್ನೇ ಎತ್ತಿ ‘ವೈರಸ್’ ಫೋಲ್ಡರಿಗೆ ಹಾಕಿದ್ದಾನೆ. ಕೀಲಿಕೈ ಫೈಲೂ ಮೊದಲೇ ಇದೆ ಎಂದು ಮತ್ತೆ ಎಚ್ಚರಿಸಿದೆ. ಇವನು ಬಲವಂತ ಮಾಡು ಎಂಬ ಮಾತನ್ನು ಆದೇಶದ ಕೊನೆಗೆ ಸೇರಿಸಿ ಎಂಟರ್ ಒತ್ತಿದ್ದಾನೆ. ಅಂದರೆ ಮೇಷ್ಟ್ರ ಫೈಲುಗಳ ಕೀಲಿಕೈ ಇದ್ದ ಕಡೆ ಈಗ ಯಾವುದಕ್ಕೂ ಹತ್ತದ ಹೊಸ ಕೀಲಿಕೈ ಕೂತಿತ್ತು.

“ಅಷ್ಟು ಸಾರಿ ಬೇಡ ಬೇಡ ಅಂದಿದೆಯಲ್ಲಪ್ಪ ಅದು, ಓದಲಿಲ್ವಾ?”

“ಇಂಗ್ಲೀಷಿನಾಗಿತ್ತು ಮೇಡಂ. ಸುಮ್ನೆ ಯಸ್ ಯಸ್ ಅಂತ ಹೋದೆ.”

ಮೇಷ್ಟ್ರು ಆಗ ಮೊದಲ ಸಲ ಬಾಯಿ ತೆರೆದರು. “ಅಮ್ಮಾ, ಸಿಗ್ತವಾ ಇಲ್ವಾ? ಅಷ್ಟು ಹೇಳು.”

“ಗೊತ್ತಿಲ್ಲ ಸರ್” ಎಂದೆ. ಸುಳ್ಳು ಹೇಳುವುದು ಬೇಡವಾಗಿತ್ತು.

ಪ್ರಿನ್ಸಿಪಾಲರು ಗಂಟಲು ಸರಿಮಾಡಿಕೊಂಡು, ತಲೆ ಕೆಡಿಸಿಕೊಳ್ಳಬೇಡಿ ಎಂದರು. ಮರುದಿನ ದಾನಿಗಳೊಬ್ಬರು ಮೇಷ್ಟ್ರಿಗೆ ಹೊಸ ಲ್ಯಾಪ್‌ಟಾಪ್ ಕೊಡುವ ಕಾರ್ಯಕ್ರಮವಿತ್ತು. ಶಾಲು, ಹಾರ, ಪತ್ರಿಕೆಯವರು, ಫೋಟೋ. ಹಳೆಯದು ಕಾಲೇಜಿನ ಆಸ್ತಿ, ಆಫೀಸಿಗೆ ಬೇಕಿತ್ತು. “ಸಂಜೆ ಒಳಗೆ ಇದನ್ನ ಫಾರ್ಮ್ಯಾಟ್ ಮಾಡಿ ಕ್ಲಾರ್ಕ್ ಕೈಗೆ ಕೊಟ್ಬಿಡ್ರಿ. ಹೊಸದು ಬರ್ತೈತಲ್ಲ, ಇನ್ನೊಂದ್ಸಾರಿ ಹೋಗಿ ರೆಕಾರ್ಡ್ ಮಾಡ್ಕಂಡ್ರಾತು. ಹೆಂಗಸ್ರ ಮಾತು ತಾನೆ, ಎಲ್ಲಿಗೆ ಹೋಗ್ತವೆ?”

ಮೇಷ್ಟ್ರ ಕೈಯಲ್ಲಿ ಕೋಲು ಬಿಗಿಯಾಯಿತು. ರೆಕಾರ್ಡಿಗೆ ಮಾತಾಡಿದ್ದ ಹೊಸದುರ್ಗದ ಕಡೆಯ ಒಬ್ಬಾಕೆ ತೀರಿಕೊಂಡು ವರ್ಷವಾಗಿತ್ತು. ಅದು ನನಗೂ ಗೊತ್ತಿತ್ತು. ಹರಿಯಬ್ಬೆಯಾಕೆ ಇನ್ನೊಮ್ಮೆ ಕೇಳಿದರೆ ಬಾಗಿಲು ತೆಗೆಯುತ್ತಾರೆಂಬ ಖಾತ್ರಿಯೂ ಇರಲಿಲ್ಲ. ಒಮ್ಮೆ ಹೇಳಿ ಹಗುರಾದದ್ದನ್ನು ಮತ್ತೆ ಹೊತ್ತು ತಂದು ಹೇಳಿ ಎಂದು ಯಾವ ಮುಖ ಇಟ್ಟುಕೊಂಡು ಕೇಳುವುದು?

“ಸಂಜೆವರೆಗೂ ಇದು ನನ್ನ ಕೈಲಿರ್ತದೆ ಸರ್” ಎಂದು ಲ್ಯಾಪ್‌ಟಾಪ್ ಎತ್ತಿಕೊಂಡು, ಮೇಷ್ಟ್ರ ತೋಳು ಮುಟ್ಟಿ, ಪಕ್ಕದ ಖಾಲಿ ಕೋಣೆಗೆ ಹೋದೆ.

ಮೊದಲು ಪೆನ್‌ಡ್ರೈವಿನಿಂದ ಆನ್ ಮಾಡಿ, ಇಡೀ ಡಿಸ್ಕನ್ನು ನನ್ನ ಖಾಲಿ ಡಿಸ್ಕಿಗೆ ಇದ್ದದ್ದು ಇದ್ದ ಹಾಗೆ ನಕಲು ಮಾಡಲು ಬಿಟ್ಟೆ. ಏನೇ ಎಡವಟ್ಟಾದರೂ ವಾಪಸ್ ಬರಲು ಒಂದು ಜಾಗ ಇರಬೇಕು. ಹಳೆಯ ಲ್ಯಾಪ್‌ಟಾಪು, ನಕಲು ತೆವಳುತ್ತಿತ್ತು. ಪ್ರಿನ್ಸಿಪಾಲರು ಎರಡು ಸಲ ಬಾಗಿಲಲ್ಲಿ ಇಣುಕಿ “ಆತಾ?” ಎಂದರು. ಸರ್ವಿಸಿನವನು ಬಂದು “ನಾನೇನಾರ ಮಾಡ್ಲಾ ಮೇಡಂ?” ಅಂದ. ಏನೂ ಮಾಡಬೇಡಪ್ಪ, ಅದೇ ದೊಡ್ಡ ಉಪಕಾರ ಎಂದೆ.

ಮಧ್ಯಾಹ್ನ ಊಟದ ಹೊತ್ತು ದಾಟಿತು. ಮೇಷ್ಟ್ರು ಊಟಕ್ಕೆ ಏಳಲಿಲ್ಲ. “ತಪ್ಪು ನಂದೇ ಅಮ್ಮಾ. ಮುಟ್ಬೇಡ್ರಿ ಅಂತ ಹೇಳಬೇಕಿತ್ತು” ಎಂದರು.

“ನಿಮ್ಮದೇನ್ ತಪ್ಪು ಸರ್? ಚಾರ್ಜರ್ ಬಿಗಿ ಮಾಡಿ ಅಂದ್ರೆ ಮನೆ ಬೀಗ ಒಡೀತಾರೆ ಅಂತ ಯಾರು ಅಂದ್ಕೊಳ್ತಾರೆ?” ಎಂದೆ. ನನ್ನ ಸಿಟ್ಟಿಗೆ ಅವರು ಸ್ವಲ್ಪ ನಕ್ಕರು. ಆ ದಿನ ಅವರು ನಕ್ಕಿದ್ದು ಅದೇ ಮೊದಲು.

ನಕಲು ಮುಗಿದ ಮೇಲೆ ಕೀಲಿಕೈ ಇರುವ ಅಡಗಿದ ಫೋಲ್ಡರನ್ನು ತೆರೆದೆ. ಹೊಸ ಕೀಲಿಕೈ ಫೈಲು ಅಲ್ಲಿತ್ತು, ಸರ್ವಿಸಿನವನು ಹುಟ್ಟಿಸಿದ್ದು. ಅದರ ಕೆಳಗೆ ಅದೇ ಹೆಸರಿನ ಇನ್ನೊಂದು ಫೈಲು. ಹೆಸರಿನ ಬಾಲಕ್ಕೆ ದಿನಾಂಕ, ಹೊತ್ತು ಎಲ್ಲ ಸೇರಿದ ಉದ್ದನೆಯ ಒಂದು ಸಂಖ್ಯೆ. ನಾನು ಕುರ್ಚಿಯಿಂದ ಎದ್ದೇಬಿಟ್ಟೆ.

“ಏನಾತಮ್ಮ?”

“ಇದೆ ಸರ್! ಹಳೇದು ಇದೆ!”

ಈ ತಂತ್ರಾಂಶ ಬರೆದವರು ಯಾರೋ, ಎಲ್ಲಿಯವರೋ. ಬಲವಂತ ಮಾಡು ಎಂದು ಹೇಳುವವನೊಬ್ಬ ಎಲ್ಲಾದರೂ ಇದ್ದೇ ಇರುತ್ತಾನೆಂದು ಅವರಿಗೆ ಗೊತ್ತಿತ್ತು. ಹೊಸದನ್ನು ಮಾಡುವ ಮೊದಲು ಹಳೆಯದನ್ನು ಅಳಿಸದೆ, ಹೆಸರು ಬದಲಿಸಿ ಪಕ್ಕಕ್ಕೆ ಸರಿಸಿಡುವ ಹಾಗೆ ಬರೆದಿದ್ದರು. ಅವರ ಹೊಟ್ಟೆ ತಣ್ಣಗಿರಲಿ.

ಹೊಸದನ್ನು ಸರಿಸಿ ಹಳೆಯದಕ್ಕೆ ಅದರ ಹೆಸರನ್ನು ವಾಪಸ್ ಕೊಟ್ಟೆ. ‘ವೈರಸ್’ ಫೋಲ್ಡರಿನಲ್ಲಿದ್ದುದನ್ನೆಲ್ಲ ಅದರ ಜಾಗಕ್ಕೆ ತಂದೆ. ಅಷ್ಟು ಹೊತ್ತಿಗೆ ಪ್ರಿನ್ಸಿಪಾಲರೂ ಸರ್ವಿಸಿನವನೂ ಬಂದು ಬೆನ್ನ ಹಿಂದೆ ನಿಂತಿದ್ದರು. ಇನ್ನು ಬೇಕಾದದ್ದು ಹಳೆಯ ಪಾಸ್‌ವರ್ಡ್ ಒಂದೇ.

“ಹೇಳ್ರಿ ಮೇಷ್ಟ್ರೆ, ಮೇಡಂ ಹೊಡೀತಾರೆ” ಅಂದರು ಪ್ರಿನ್ಸಿಪಾಲರು.

ಹಿಂದಿನಿಂದ ದನಿ ಬಂದ ಕಡೆಗೆ ಮೇಷ್ಟ್ರು ತಿರುಗಿದರು.

“ಅಯ್ಯ, ನಾವೇನ್ ಹೊರಗಿನವ್ರಾ? ಹೇಳ್ರಿ, ಹೊತ್ತಾಗ್ತೈತೆ.”

ಮೇಷ್ಟ್ರು ತಲೆ ತಗ್ಗಿಸಿದರು. “ಹೇಳ್ತೀನಿ ಬಿಡಮ್ಮ. ಫೈಲ್ ಸಿಕ್ರೆ ಸಾಕು” ಎಂದರು. ಬೆಳಿಗ್ಗೆ ಫೋನಿನಲ್ಲಿ ನಡುಗಿದ ದನಿಗಿಂತ ಇದು ಕೆಟ್ಟದಾಗಿತ್ತು. ಬೇಡಿಕೊಳ್ಳುವ ದನಿ ಅದು.

ಅದು ಸುಲಭದ ದಾರಿ ನಿಜ. ಅವರು ಹೇಳುವುದು, ನಾನು ಹೊಡೆಯುವುದು, ಒಂದು ಆದೇಶ ಕೊಟ್ಟರೆ ಆ ಉದ್ದನೆಯ ಕೀಲಿಕೈಯೇ ಪರದೆಯ ಮೇಲೆ ಬಂದು ನಿಲ್ಲುವುದು. ಅದು ಕಂಡವರು ಯಾವತ್ತು ಬೇಕಾದರೂ ಆ ಫೋಲ್ಡರನ್ನು ತೆರೆಯಬಹುದು. ಹಿಂದೆ ನಿಂತವರ ಉಸಿರು ನನ್ನ ಕುತ್ತಿಗೆಗೆ ತಾಗುತ್ತಿತ್ತು. ಫೈಲು ಉಳಿಸಿಕೊಟ್ಟು, ಅವರು ಆ ಹೆಂಗಸರಿಗೆ ಕೊಟ್ಟ ಮಾತನ್ನು ಕಳೆದರೆ ನಾನು ಮಾಡಿದ್ದಾದರೂ ಏನು?

“ಹೇಳಬೇಡಿ ಸರ್” ಎಂದೆ. “ನನಗೂ ಬೇಡ. ನೀವೇ ಹೊಡೀರಿ.”

“ಅವ್ರು ಹೊಡೆದು ತಪ್ಪಾದ್ರೆ? ಪಾಪ…” ಎಂದ ಸರ್ವಿಸಿನವನು.

ಅಲ್ಲಿಯವರೆಗೆ ತಡೆದಿದ್ದೆ, ಇನ್ನು ತಡೆಯಲಿಲ್ಲ. “ಇನ್ನೊಂದು ಸಾರಿ ಪಾಪ ಅಂದ್ರೆ ನೋಡು! ಅವರು ಹೊಡೆದಿದ್ದು ಒಂದು ದಿನಾನೂ ತಪ್ಪಿಲ್ಲ. ತಪ್ಪು ಹೊಡೆದೋನು ನೀನು. ಸರ್, ನೀವೂ ದಯವಿಟ್ಟು ಹೊರಗೆ ಹೋಗಿ. ಬಾಗಿಲು ಹಾಕ್ಕೊಂಡು ಹೋಗಿ.”

“ಏನ್ರಿ ಇದು, ನನ್ ಕಾಲೇಜಿನಾಗೆ ನನ್ನೇ…” ಎಂದು ಪ್ರಿನ್ಸಿಪಾಲರು ಗೊಣಗಿದರು. ನಾನು ಎದ್ದು ಬಾಗಿಲ ಹತ್ತಿರ ನಿಂತೆ. ಗೊಣಗುತ್ತಲೇ ಸರ್ವಿಸಿನವನ ಜೊತೆ ಹೊರಗೆ ಹೋದರು.

ಕೀಲಿಕೈಯನ್ನು ಪರದೆಗೆ ತರದೆ ಸೀದಾ ಮೌಂಟ್ ಮಾಡುವ ಆದೇಶವೊಂದಿದೆ. ಅದನ್ನು ಹೊಡೆದು, ಓದುವ ದನಿಯನ್ನು ಚಾಲೂ ಮಾಡಿ, ಲ್ಯಾಪ್‌ಟಾಪನ್ನು ಮೇಷ್ಟ್ರ ಮುಂದೆ ಸರಿಸಿದೆ. ನಾನು ಕಿಟಕಿಯ ಕಡೆ ತಿರುಗಿ ನಿಂತೆ. ಪಾಸ್‌ವರ್ಡ್ ಹೊಡೆಯುವಾಗ ಪರದೆಯಲ್ಲಿ ಒಂದು ಚುಕ್ಕೆಯೂ ಮೂಡುವುದಿಲ್ಲ, ಹಾಗಾಗಿ ಓದುವ ದನಿಯೂ ಸುಮ್ಮನಿರುತ್ತದೆ. ಕೀಲಿಗಳ ಟಕಟಕ ಮಾತ್ರ ಕೇಳಿಸಿತು. ಎಲ್ಲೂ ತಡವರಿಸದ ಸದ್ದು. ಕೊನೆಗೆ ಎಂಟರ್.

ದನಿ ಏನನ್ನೋ ಓದಿತು. ತಿರುಗಿ ನೋಡಿದರೆ, ಕೀಲಿಕೈ ಸಿಕ್ಕಿತು ಎಂದು ಒಂದು ಸಾಲು. ಅದರ ಕೆಳಗೇ, ಮೌಂಟ್ ಆಗಲಿಲ್ಲ ಎಂದು ಇನ್ನೊಂದು ಸಾಲು.

“ಆಗ್ಲಿಲ್ವಾ?” ಮೇಷ್ಟ್ರ ಬೆರಳುಗಳು ಕೀಬೋರ್ಡಿನ ಮೇಲೇ ಇದ್ದವು.

“ಇರಿ ಸರ್. ನಿಮ್ಮ ಪಾಸ್‌ವರ್ಡ್ ಸರಿ ಇದೆ. ಬೇರೆ ಏನೋ ಅಡ್ಡ ಬಂದಿದೆ.”

ಹಲ್ಲು ಕಚ್ಚಿಕೊಂಡು ಕೂತೆ. ಕಂಪ್ಯೂಟರ್ ಒಳಗೊಳಗೇ ಬರೆದುಕೊಳ್ಳುವ ಸಂದೇಶಗಳನ್ನು ತೆರೆದು ಓದಿದೆ. ಇಂಥ ಗುರುತಿನ ಕೀಲಿಕೈ ಸಿಗುತ್ತಿಲ್ಲ ಎಂದಿತ್ತು. ಮೇಷ್ಟ್ರು ತೆರೆದ ಕೀಲಿಕೈಯ ಗುರುತಿಗೂ ಕಂಪ್ಯೂಟರ್ ಹುಡುಕುತ್ತಿದ್ದ ಗುರುತಿಗೂ ತಾಳೆಯೇ ಇಲ್ಲ. ಆಗ ಹೊಳೆಯಿತು. ಯಾವ ಗುರುತಿನ ಕೀಲಿಕೈ ಬೇಕೆಂದು ಹೇಳುವ ಇನ್ನೊಂದು ಪುಟ್ಟ ಫೈಲು ಪಕ್ಕದಲ್ಲೇ ಇರುತ್ತದೆ. ಅದು ಇನ್ನೂ ಪುಣ್ಯಾತ್ಮನ ಹೊಸ ಕೀಲಿಕೈಯ ಗುರುತನ್ನೇ ಹಿಡಿದು ಕೂತಿತ್ತು. ಹುಡುಕಿದರೆ ಅದರ ಹಳೆಯದೂ ಹಾಗೇ ಬಾಲ ಅಂಟಿಸಿಕೊಂಡು ಬದಿಗೆ ಕೂತಿದೆ. ಅದನ್ನೂ ವಾಪಸ್ ತಂದೆ. ಮೌಂಟ್ ಎಲ್ಲಿ ಆಗಬೇಕೆಂಬ ವಿಳಾಸವನ್ನೂ ಅವನ ಬಲವಂತ ಬದಲಿಸಿತ್ತು, ಅದನ್ನೂ ತಿದ್ದಿದೆ.

“ಇನ್ನೊಮ್ಮೆ ಹೊಡೀರಿ ಸರ್” ಎಂದು ಮತ್ತೆ ಕಿಟಕಿಗೆ ಮುಖ ಮಾಡಿದೆ.

ಟಕಟಕ. ಎಂಟರ್. ಈ ಸಲ ದನಿ ಕೀಲಿಕೈ ಸಿಕ್ಕಿದ ಸಾಲನ್ನಷ್ಟೇ ಓದಿ ನಿಂತಿತು. ಲಿನಕ್ಸಿನಲ್ಲಿ ಕೆಲಸ ಸುಸೂತ್ರವಾದರೆ ಅದು ಹೆಚ್ಚು ಮಾತಾಡುವುದಿಲ್ಲ. ಫೋಲ್ಡರ್ ತೆರೆದು ನೋಡಿದೆ. ಮಾರುದ್ದದ ಕಸದ ಹೆಸರುಗಳೆಲ್ಲ ಮಾಯವಾಗಿ ಸಾಲಾಗಿ ಕನ್ನಡದ ಹೆಸರುಗಳು ನಿಂತಿದ್ದವು. ಕಣ್ಣು ತುಂಬಿ ಬಂತು ನನಗೆ, ಸಿಟ್ಟಿಗೋ ಸಂತೋಷಕ್ಕೋ ಗೊತ್ತಿಲ್ಲ.

ತಾನಾಗಿ ತೆರೆದುಕೊಳ್ಳುವುದನ್ನು ನಿಲ್ಲಿಸಿದೆ. ಲಾಗಿನ್ನಿಗೂ ಅವರ ಹಳೆಯ ಪಾಸ್‌ವರ್ಡನ್ನೇ ಅವರ ಕೈಯಿಂದಲೇ ವಾಪಸ್ ಹಾಕಿಸಿದೆ. ಆಫ್ ಮಾಡಿ ಆನ್ ಮಾಡಿಸಿದೆ. ಪಾಸ್‌ವರ್ಡ್ ಕೇಳಿತು. ಅವರು ಹೊಡೆದರು. ಓದುವ ದನಿ ಶುರುವಾಯಿತು: ಅಧ್ಯಾಯ ಒಂದು, ಅಧ್ಯಾಯ ಎರಡು, ಬೇವಿನಮರ, ಬಾವಿಕಟ್ಟೆ, ಹೊಲಿಗೆ ಮೆಷಿನ್ನು. ಹೆಂಗಸರ ಹೆಸರು ಬರಬಾರದೆಂದು ಒಬ್ಬೊಬ್ಬರು ಕೂತು ಮಾತಾಡಿದ ಜಾಗವನ್ನೋ ವಸ್ತುವನ್ನೋ ಅವರು ಫೈಲಿಗೆ ಹೆಸರಾಗಿ ಇಟ್ಟಿದ್ದರು.

ದನಿ ಕೇಳಿ ಪ್ರಿನ್ಸಿಪಾಲರು ಬಾಗಿಲು ತಳ್ಳಿಕೊಂಡು ಬಂದರು. “ಬಂತಾ? ಭೇಷ್! ಎಲ್ಲಿ, ಒಂದು ಹಾಕ್ರಿ ನೋಡಾಣ. ಏನ್ ಹೇಳವ್ರೆ ಹೆಂಗಸ್ರು?”

ನಾನು ಬಾಯಿ ತೆಗೆಯುವ ಮೊದಲೇ ಮೇಷ್ಟ್ರು ಜೇಬಿನಿಂದ ಇಯರ್‌ಫೋನ್ ತೆಗೆದು, ಲ್ಯಾಪ್‌ಟಾಪಿನ ಅಂಚನ್ನು ತಡವಿ ಸಿಕ್ಕಿಸಿದರು. ಓದುವ ದನಿ ಕೋಣೆಯಲ್ಲಿ ನಿಂತುಹೋಯಿತು. “ಇಲ್ಲ ಸರ್” ಎಂದರು. “ಅದು ಆಗಲ್ಲ.” ಕಂಡಕ್ಟರನ್ನು ಬೈಯುವ ದನಿ ವಾಪಸ್ ಬಂದಿತ್ತು.

ಪ್ರಿನ್ಸಿಪಾಲರು ನನ್ನ ಕಡೆ ತಿರುಗಿದರು. “ಹೋಗ್ಲಿ, ಆ ಪಾಸ್‌ವರ್ಡ್ ಏನು ಅಂತ ನಮ್ಮ ಕ್ಲಾರ್ಕಿಗೆ ಹೇಳಿ ಹೋಗ್ರಿ. ನಾಳೆ ಇವ್ರು ಮರೆತ್ರೆ?”

“ನನಗೆ ಗೊತ್ತಿಲ್ಲ ಸರ್.”

“ಗೊತ್ತಿಲ್ಲ ಅಂದ್ರೆ? ಬೆಳಿಗ್ಗೆಯಿಂದ ಕುಂತು ರಿಪೇರಿ ಮಾಡಿದೋರು ನೀವು!”

“ಹೌದು. ಆದ್ರೂ ಗೊತ್ತಿಲ್ಲ. ನಾಳೆ ಹೊಸದು ಬಂದ ಮೇಲೆ ಈ ಫೋಲ್ಡರನ್ನ ಬೀಗದ ಸಮೇತ ಅದಕ್ಕೆ ಹಾಕಿಕೊಡ್ತೀನಿ. ಆಮೇಲೆ ಈ ಹಳೇ ಲ್ಯಾಪ್‌ಟಾಪನ್ನ ಏನ್ ಬೇಕಾದ್ರೂ ಮಾಡ್ಕೊಳ್ಳಿ.”

ಅವರು ನನ್ನನ್ನು ನೋಡಿ, ಮೇಷ್ಟ್ರನ್ನು ನೋಡಿ, ಕಾರಿಡಾರಿನಲ್ಲಿ ಕಾಯುತ್ತಿದ್ದ ಸರ್ವಿಸಿನವನನ್ನು “ನಡಿಯಪ್ಪ” ಎಂದು ಕರೆದುಕೊಂಡು ಹೊರಟುಹೋದರು.

ನಕಲಿನ ಡಿಸ್ಕನ್ನು ಮೇಷ್ಟ್ರ ಕೈಗಿಟ್ಟು ಬ್ಯಾಗು ಜೋಡಿಸಿಕೊಂಡೆ. ಅವರು ಏನನ್ನೋ ಆಲಿಸುತ್ತಿದ್ದರು. ತುಸು ಹೊತ್ತಾದ ಮೇಲೆ ಒಂದು ಕಿವಿಯಿಂದ ಇಯರ್‌ಫೋನ್ ತೆಗೆದರು.

“ಹರಿಯಬ್ಬೆಯೋರ್ದು ಹಾಕಿದ್ದೆ ಅಮ್ಮಾ. ಪೂರ್ತಿ ಐತಾ ನೋಡಾಣ ಅಂತ ಸೀದಾ ಕೊನೇಗೆ ಹೋದೆ.”

“ಇದೆಯಾ ಸರ್?”

“ಐತೆ. ಏಳುವಾಗ ಒಂದು ಮಾತು ಕೇಳ್ತಾರೆ, ‘ಇದು ಬ್ಯಾರೆಯೋರ ಕಿವಿಗೆ ಬೀಳಲ್ಲ ತಾನೆ ಮೇಷ್ಟ್ರೆ’ ಅಂತ.” ಅವರು ಮುಗುಳ್ನಕ್ಕರು. “ಇಲ್ಲ ಕಣಮ್ಮ ಅಂದೀನಿ. ಅದೂ ಐತೆ.”

ಮತ್ತೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮುಂದಿನ ಫೈಲಿಗೆ ಹೋದರು. ನಾನು ಹೊರಗೆ ಬಂದು ಬಾಗಿಲು ಎಳೆದುಕೊಂಡೆ.